ಮುಖದ ಮೇಲೆ, ಅಡ್ಡಲಾಗಿ

ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆ ಎಂದರೆ ಕಾರ್ಡಮ್ಮನಿಗೆ ಅಪ್ಪನ ಕೈಯ ವಾಸನೆ. ಪೂರಾ ಹುಳಿಯೂ ಅಲ್ಲ, ಪೂರಾ ಘಾಟೂ ಅಲ್ಲ. ಮೂಗಿನ ಹೊಳ್ಳೆಯನ್ನು ಒಮ್ಮೆ ಚುರ್ ಎನ್ನಿಸಿ, ಒದ್ದೆ ಮರದ ವಾಸನೆಯಲ್ಲಿ ಮುಗಿಯುತ್ತಿತ್ತು. ಅಪ್ಪ ತಲೆ ಸವರಿದರೂ ಅದೇ, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದರೂ ಅದೇ. ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ, ಟ್ರೇಯಲ್ಲಿ ತೇಲುವ ಬಿಳಿ ಕಾಗದದ ಮೇಲೆ ಮೊದಲು ಕೂದಲು, ಆಮೇಲೆ ಕಣ್ಣು, ಕೊನೆಗೆ ಕಿವಿ ಮೂಡುವುದನ್ನು ಅಕ್ಕ ತಂಗಿ ಇಬ್ಬರೂ ಒಂದೇ ಮಣೆಯ ಮೇಲೆ ಹತ್ತಿ ನಿಂತು ನೋಡುತ್ತಿದ್ದರು. ಕೆಟ್ಟುಹೋದ ಪ್ರಿಂಟನ್ನು ಅಪ್ಪ ಹರಿದು ಹಾಕಿದ್ದು ಇಬ್ಬರಿಗೂ ನೆನಪಿಲ್ಲ. ಮೂಲೆಯಲ್ಲಿ ಒಂದು ತೂತು ಹೊಡೆದು ಪಕ್ಕಕ್ಕಿಡುತ್ತಿದ್ದರು.

"ಮುಖಕ್ಕೆ ಕತ್ತರಿ ಹಾಕಬಾರ್ದು ಮಕ್ಕಳೇ. ನಮ್ಮನ್ನ ನಂಬಿ ಕೂತು ಕೊಟ್ಟಿರೋ ಮುಖ ಅದು," ಎನ್ನುತ್ತಿದ್ದರು.

ಅಪ್ಪ ಹೋದರು, ಸ್ಟುಡಿಯೋ ಹೋಯಿತು, ಹೈಪೋ ಕೂಡ ಹೋಯಿತು. ತಂಗಿಗೆ ಉಳಿದದ್ದು ಮುಖಗಳ ಕೆಲಸ. ಬಸ್ ನಿಲ್ದಾಣದ ಎದುರಿನ ಎರಡು ಕೋಣೆಗಳಲ್ಲಿ ಅವಳು ಶಾಲೆಗಳಿಗೆ, ಕಾರ್ಖಾನೆಗಳಿಗೆ, ಕಚೇರಿಗಳಿಗೆ ಗುರುತಿನ ಚೀಟಿ ಮಾಡಿಕೊಡುತ್ತಿದ್ದಳು. ಮೂವತ್ತು ವರ್ಷದಿಂದ ಅದೇ ಕೆಲಸವಾದ್ದರಿಂದ ಅವಳ ನಿಜವಾದ ಹೆಸರು ಪಡಿತರ ಚೀಟಿಯಲ್ಲಷ್ಟೇ ಉಳಿದಿತ್ತು. ಬೀದಿಗೆಲ್ಲ ಅವಳು ಕಾರ್ಡಮ್ಮ. ಮುಂದಿನ ಕೋಣೆಯಲ್ಲಿ ಕ್ಯಾಮೆರಾ, ಕಂಪ್ಯೂಟರು, ಕಾರ್ಡು ಅಚ್ಚು ಹಾಕುವ ಯಂತ್ರ. ಪರದೆಯ ಆಚೆ, ಹಿಂದಿನ ಕೋಣೆಯಲ್ಲಿ, ಅಕ್ಕ. ಕಾರ್ಡಿಗೆ ಕ್ಲಿಪ್ಪು, ಕ್ಲಿಪ್ಪಿಗೆ ಕೊರಳಪಟ್ಟಿ ಸಿಕ್ಕಿಸುತ್ತ ಕೂತಿರುತ್ತಿದ್ದಳು. ಟಿಕ್, ಟಿಕ್ ಎಂಬ ಸದ್ದು ಬರುತ್ತಿದ್ದರೆ ಅಕ್ಕ ಸುಖವಾಗಿದ್ದಾಳೆ ಎಂದು ಅರ್ಥ.

ಅಕ್ಕ ಮೊದಲು ಈ ಕೆಲಸದವಳಲ್ಲ. ಊರಿನ ದೊಡ್ಡ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಹಬೆಯಿಂದ ಬಿಸಿಬಿಸಿಯಾಗಿ ಬರುವ ಹಾಸಿಗೆ ಬಟ್ಟೆಗಳನ್ನು ಮಡಿಸುವಾಗ ಬ್ಯಾಡ್ಜಿನ ದಾರ ಯಂತ್ರಕ್ಕೆ ಸಿಕ್ಕಬಾರದೆಂದು, ಅಲ್ಲಿಯ ಹೆಂಗಸರೆಲ್ಲ ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. ಆಗಿನ ಬ್ಯಾಡ್ಜೋ, ಮಕ್ಕಳಾಟಿಕೆ. ರಟ್ಟಿನ ಮೇಲೆ ಅಂಟಿಸಿದ ಫೋಟೋ, ಮೇಲ್ಗಡೆ ಬಾಯಿ ತೆರೆದ ಪ್ಲಾಸ್ಟಿಕ್ ಚೀಲ. ಎಂಟು ವರ್ಷದ ಹಿಂದೆ ಒಂದು ದಿನ ಯಾರೋ ಅಕ್ಕನ ಬ್ಯಾಡ್ಜನ್ನು ಮೊಳೆಯಿಂದ ತೆಗೆದು, ಅವಳ ಫೋಟೋದ ಮುಂದೆ ತಮ್ಮದನ್ನು ತೂರಿಸಿ, ಔಷಧ ಉಗ್ರಾಣಕ್ಕೆ ಹೋಗಿ ಎರಡು ಪೆಟ್ಟಿಗೆ ಇಂಜೆಕ್ಷನ್ ಎತ್ತಿಕೊಂಡು, ಬ್ಯಾಡ್ಜನ್ನು ಮತ್ತೆ ಅದೇ ಮೊಳೆಗೆ ಸಿಕ್ಕಿಸಿ ಹೋದರು. ಉಗ್ರಾಣದ ಪುಸ್ತಕದಲ್ಲಿ ಉಳಿದದ್ದು ಅಕ್ಕನ ಸಂಖ್ಯೆ: ಇನ್ನೂರ ಹದಿನೇಳು.

ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆ. ಬೆಳಗಿನ ಪಾಳಿಯವರು ಹೊರಗೆ ಬರುವ, ಮಧ್ಯಾಹ್ನದವರು ಒಳಗೆ ಹೋಗುವ ಹೊತ್ತು. ಭದ್ರತಾ ಅಧಿಕಾರಿ ಗೇಟಿನಲ್ಲಿ ಅಕ್ಕನನ್ನು ತಡೆದ. ಕೊರಳಿನಿಂದ ಬ್ಯಾಡ್ಜು ಎಳೆದುಕೊಂಡ. ಮೇಜಿನ ಮೇಲಿದ್ದ ಕತ್ತರಿ ತೆಗೆದು ಮೂಗಿಗೂ ತುಟಿಗೂ ನಡುವೆ, ಅಡ್ಡಲಾಗಿ, ಕರಕ್ಕನೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ. "ಮುಂದಿನೋರು ಬನ್ನಿ," ಅಂದ. ಅಷ್ಟೇ. ವಿಚಾರಣೆಯೂ ಇಲ್ಲ, ಒಂದು ಕಾಗದವೂ ಇಲ್ಲ.

ಆರು ತಿಂಗಳಾದ ಮೇಲೆ ಉಗ್ರಾಣದ ಆಳೇ ಊಟದ ಚೀಲದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಸಿಕ್ಕಿಬಿದ್ದ. ಅವನನ್ನು ಸದ್ದಿಲ್ಲದೆ ಮನೆಗೆ ಕಳಿಸಿದರು. ಹಳೆಯದೆಲ್ಲ ಅವನದೇ ಕೆಲಸ ಎಂದು ಆಸ್ಪತ್ರೆಗೆಲ್ಲ ಗೊತ್ತಾಯಿತು. ಆದರೆ ಇನ್ನೂರ ಹದಿನೇಳು ಕದ್ದಿರಲಿಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಬಟ್ಟೆಕೋಣೆಯಲ್ಲಿ ಅಕ್ಕನ ಕೈಕೆಳಗೆ ಕೆಲಸ ಕಲಿತ ಒಬ್ಬ ಹೆಂಗಸು ಮಾತ್ರ ಉರಿಬಿಸಿಲಿನಲ್ಲಿ ನಡೆದುಕೊಂಡು ಬಂದು ಸುದ್ದಿ ಹೇಳಿ, ಒಂದು ಲೋಟ ನೀರು ಕುಡಿದು ಹೋದಳು.

ಅಕ್ಕ ಅಳಲಿಲ್ಲ. ಆದರೆ ಅಂದಿನಿಂದ ಅವಳು ಕ್ಯಾಮೆರಾದ ಮುಂದೆ ಕೂತಿಲ್ಲ. ಫೋಟೋಗ್ರಾಫರನ ಹಿರಿ ಮಗಳು! ತಂಗಿಯ ಹೊಟ್ಟೆಯೊಳಗೆ ಮಾತ್ರ ಆ ಕತ್ತರಿಯ ಕರಕ್ ಸದ್ದು ಎಂಟು ವರ್ಷದಿಂದ ಹಾಗೇ ಕೂತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಆ ಭದ್ರತಾ ಅಧಿಕಾರಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಇಸ್ತ್ರಿ ಗೆರೆ ಕೈ ಕೊಯ್ಯುವಂಥ ಸಮವಸ್ತ್ರ, ತಿದ್ದಿದ ಮೀಸೆ, ಕೊರಳಲ್ಲಿ ಹಿತ್ತಾಳೆಯ ಶಿಳ್ಳೆ. ಆ ಶಿಳ್ಳೆಯಿಂದಾಗಿ ಆಸ್ಪತ್ರೆಯವರು ಅವನಿಗೆ ಶಿಳ್ಳೆ ಸಾಹೇಬ ಎಂದು ಹೆಸರಿಟ್ಟಿದ್ದರು. ಕಾರ್ಡಮ್ಮ ಯಾರ ತಂಗಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಕಾರಣವೂ ಇರಲಿಲ್ಲ.

"ನೋಡಮ್ಮಾ, ಆರುನೂರ ನಲವತ್ತು ಜನಕ್ಕೆ ಹೊಸ ಬ್ಯಾಡ್ಜು ಬೇಕು," ಎಂದು ಕುರ್ಚಿ ಎಳೆದುಕೊಂಡ. "ಬಿಚ್ಚಕ್ಕಾಗಬಾರ್ದು, ಬೇರೆಯವ್ರದ್ದು ಅಂಟಿಸಕ್ಕಾಗಬಾರ್ದು. ಮಾಸಬಾರ್ದು, ಮುರೀಬಾರ್ದು, ಹತ್ತು ವರ್ಷ ಬಾಳಬೇಕು."

"ಕಾರ್ಡಿನ ವಿಷ್ಯ ಹೇಳ್ತಿದ್ದೀರೋ, ಗಂಡು ಹುಡುಕ್ತಿದ್ದೀರೋ ಸಾರ್?"

ಶಿಳ್ಳೆ ಸಾಹೇಬ ಹೊಟ್ಟೆ ಕುಣಿಸಿ ನಕ್ಕ. ಪರದೆಯ ಹಿಂದೆ ಟಿಕ್ ಟಿಕ್ ನಿಂತುಹೋಗಿತ್ತು.

ಅವನು ಹೋದ ಮೇಲೆ ಅಕ್ಕ ಪರದೆ ಸರಿಸಿದಳು.

"ಅವನೇ ಅಲ್ವಾ?"

"ಹೂಂ."

"ಒಪ್ಕೊಂಡ್ಯಾ?"

"ಒಪ್ಕೊಂಡೆ."

ಅಕ್ಕ ಕೈಯಲ್ಲಿದ್ದ ಕ್ಲಿಪ್ಪನ್ನು ಪಟ್ಟಿಗೆ ಸಿಕ್ಕಿಸಿ, "ಚೆನ್ನಾಗಿ ಮಾಡಿಕೊಡು. ಅಲ್ಲಿ ಒಳ್ಳೆಯೋರೂ ಇದ್ದಾರೆ," ಎಂದು ಪರದೆ ಎಳೆದುಕೊಂಡಳು. ಚೆನ್ನಾಗಿ ಮಾಡಿಕೊಡುತ್ತೇನೆ ಅಂತ ಕಾರ್ಡಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಹೇಗೆ ಎನ್ನುವುದು ಇನ್ನೂ ಹೊಳೆದಿರಲಿಲ್ಲ.

ಕೆಲಸದಲ್ಲಿ ಮಾತ್ರ ಮೋಸ ಮಾಡಲಿಲ್ಲ. ಅಂಟಿಸುವ ಮಾತೇ ಇಲ್ಲದಂತೆ, ಕಾರ್ಡಿನ ಪದರಗಳ ಒಳಗೇ ಫೋಟೋವನ್ನು ಲೇಸರಿನಿಂದ ಸುಟ್ಟು ಮೂಡಿಸುವ ವಿಧಾನ ಆರಿಸಿಕೊಂಡಳು. ಮೇಲ್ಮೈಗೆ ಯಾವ ಗೋಂದೂ ಹಿಡಿಯದ ಲೇಪ. ಫೋಟೋದ ಕೆಳಗೆ ಬರಿಗಣ್ಣಿಗೆ ಗೆರೆಯಂತೆ ಕಾಣುವ, ಭೂತಗನ್ನಡಿಯಲ್ಲಿ ನೋಡಿದರೆ ಆಸ್ಪತ್ರೆಯ ಹೆಸರೇ ನೂರು ಸಲ ಬರೆದಿರುವ ಸಾಲು. ಹೆಸರು ಎರಡು ಮಾರು ದೂರದಿಂದ ಓದುವಷ್ಟು ದೊಡ್ಡದು. ಮಲಗಿದ ರೋಗಿಗೂ ತನ್ನನ್ನು ಎತ್ತುವವಳ ಹೆಸರು ತಿಳಿಯಬೇಕು. ಬಾಗಿಲು ತೆರೆಯುವ ಎಲೆಕ್ಟ್ರಾನಿಕ್ ಚಿಪ್ಪು ಸಂಖ್ಯೆಯ ಹಿಂದೆಯೇ ಕೂತಿತ್ತು. ಬಿಳಿ ಕೋಟು ಬಿಳಿ ಗೋಡೆಯಲ್ಲಿ ಕರಗಿಹೋಗದಂತೆ ಹಿನ್ನೆಲೆ ತಿಳಿ ಬೂದು. ಮಾದರಿ ಕಾರ್ಡುಗಳನ್ನು ಅವಳು ಕುದಿಸಿದಳು, ಸ್ಪಿರಿಟ್ಟಿನಲ್ಲಿ ನೆನೆಹಾಕಿದಳು, ನಲವತ್ತು ದಿನ ತಾರಸಿಯ ಬಿಸಿಲಿಗೆ ಒಣಗಿಸಿದಳು. ಎದುರಿನ ಆಟೋದವನನ್ನು ಕರೆದು ಚಕ್ರ ಹತ್ತಿಸಿದಳು. "ಇದೇನು ಕಾರ್ಡೋ, ನನ್ನ ಅತ್ತೆ ಮನಸ್ಸೋ!" ಎಂದು ಅವನು ಬೆರಗಾದ. ಮಾಮೂಲಿ ಕತ್ತರಿಗೂ ಅದು ಬಗ್ಗಲಿಲ್ಲ.

ಫೋಟೋ ತೆಗೆಯಲು ಒಂಬತ್ತು ದಿನ ಆಸ್ಪತ್ರೆಯ ವರಾಂಡದಲ್ಲಿ ಕೂತಳು. ಆ ಒಂಬತ್ತು ದಿನದಲ್ಲಿ ಅವಳ ಸಿಟ್ಟು ಆಗಾಗ ಎಡವಿತು. ದಾದಿಯೊಬ್ಬಳು ಕಸ ಗುಡಿಸುವವಳ ಕಾಲರು ಸರಿಮಾಡಿ, ತನ್ನ ಕರವಸ್ತ್ರದಲ್ಲೇ ಅವಳ ಹಣೆಯ ಬೆವರು ಒರೆಸಿ ಕೂರಿಸಿದಳು. ಅಡುಗೆಮನೆಯ ಏಳು ಜನರ ಫೋಟೋದಲ್ಲೂ ಒಂದೇ ಅಂಗಿ ಇತ್ತು. ಇದ್ದ ಒಂದು ಇಸ್ತ್ರಿ ಅಂಗಿಯನ್ನು ಬಾಗಿಲ ಮರೆಯಲ್ಲಿ ಒಬ್ಬರಾದ ಮೇಲೊಬ್ಬರು ತೊಟ್ಟುಕೊಂಡು ಬಂದಿದ್ದರು. ದಪ್ಪನೆಯವನಿಗೆ ಗುಂಡಿ ಹಾಕಲು ಮೂವರು ಕೈಗೂಡಿಸಿದ್ದರು. ಬಾಯ್ಲರಿನವನು ಮಸಿ ತೊಳೆದ ಮುಖದಲ್ಲಿ ನಗಲೋ ಬೇಡವೋ ಎಂದು ಕೇಳಿ, ಕಾರ್ಡಮ್ಮ "ನಗಪ್ಪಾ," ಅಂದ ಮೇಲೆ ಬಾಯ್ತುಂಬ ನಕ್ಕ.

ಶಿಳ್ಳೆ ಸಾಹೇಬ ಮೂರು ಸಲ ಬಂದ. ಮೊದಲ ಸಲ ಮೀಸೆ ಸರಿ ಇಲ್ಲ, ಎರಡನೆಯ ಸಲ ಗದ್ದ ಜೋಲಿದೆ. ಮೂರನೆಯದನ್ನು ಕ್ಯಾಮೆರಾದ ಪರದೆಯ ಮೇಲೆ ನೋಡಿ, "ಹಾಂ! ಇದು ಮುಖ ಅಂದ್ರೆ. ರಿಟೈರ್ ಆದ್ಮೇಲೆ ಕಟ್ಟು ಹಾಕಿಸಿ ಇಟ್ಕೋತೀನಿ," ಎಂದು ಹಿಗ್ಗಿದ.

ಅದೇ ಕ್ಷಣದಲ್ಲಿ ಕಾರ್ಡಮ್ಮನಿಗೆ ದಾರಿ ಹೊಳೆಯಿತು.

ಪ್ರತಿ ಕಾರ್ಡಿನ ಮೇಲೂ ಅವಧಿ ಮುಗಿಯುವ ದಿನ ಅಚ್ಚಾಗಬೇಕಿತ್ತು. ಅದಕ್ಕಾಗಿ ಗುಮಾಸ್ತ ಎಲ್ಲರ ನಿವೃತ್ತಿಯ ದಿನಾಂಕದ ಪಟ್ಟಿ ಕೊಟ್ಟಿದ್ದ. ಶಿಳ್ಳೆ ಸಾಹೇಬನಿಗೆ ಉಳಿದದ್ದು ಹತ್ತೇ ತಿಂಗಳು. ಅವಳು ಮನೆಗೆ ಬಂದು, ಕಾರ್ಡುಗಳ ಜೊತೆ ಕೊಡಬೇಕಾದ ನಿಯಮದ ಹಾಳೆಯಲ್ಲಿ ಕೊನೆಯ ಕಲಮನ್ನು ಬರೆದಳು:

"ರದ್ದತಿ: ಅವಧಿ ಮುಗಿದ ಕಾರ್ಡನ್ನು ಮುಖ್ಯ ಗೇಟಿನಲ್ಲಿ, ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತಿಗೆ, ಎಲ್ಲರ ಎದುರು, ಮುಖದ ಮೇಲೆ ಅಡ್ಡಲಾಗಿ ಕತ್ತರಿಸತಕ್ಕದ್ದು. ಎರಡೂ ತುಂಡುಗಳನ್ನು ಕಾರ್ಡುದಾರರಿಗೆ ಅಥವಾ ಅವರ ಮನೆಯವರಿಗೆ ಒಪ್ಪಿಸತಕ್ಕದ್ದು. ಭದ್ರತಾ ಅಧಿಕಾರಿಯದೇ ಕಾರ್ಡಾದಲ್ಲಿ ತಯಾರಕರು ಬಂದು ಕತ್ತರಿಸತಕ್ಕದ್ದು."

ಇದೇನೂ ಬೇಕಿರಲಿಲ್ಲ. ಸಂಖ್ಯೆಯ ಮೇಲೆ ಒಂದು ತೂತು ಹೊಡೆದರೆ ಹಿಂದಿನ ಚಿಪ್ಪು ಸತ್ತು, ಕಾರ್ಡು ಯಾರ ಕೆಲಸಕ್ಕೂ ಬಾರದ ವಸ್ತುವಾಗುತ್ತಿತ್ತು. ಅಪ್ಪ ಇದ್ದಿದ್ದರೆ ಅದನ್ನೇ ಮಾಡುತ್ತಿದ್ದರು. ಅದು ಗೊತ್ತಿದ್ದೂ ಅವಳು ಹಾಗೆ ಬರೆದಳು, ಬರೆದದ್ದನ್ನು ಎರಡು ಸಲ ಓದಿದಳು, ಬಾಯಿ ಸಿಹಿಯಾಯಿತು.

ಶಿಳ್ಳೆ ಸಾಹೇಬ ಹಾಳೆ ಓದಿ ತೊಡೆ ತಟ್ಟಿದ. "ಇದು ನಿಯಮ ಅಂದ್ರೆ! ಎಲ್ಲರೆದುರೂ ಕತ್ತರಿಸಿದ್ರೇನೇ ಭಯ ಇರೋದು." ಕೊನೆಯ ಸಾಲಿಗೆ, "ನನ್ನದಕ್ಕೆ ನೀವೇ ಬರ್ತೀರಾ? ಬನ್ನಿ ಬನ್ನಿ, ಅವತ್ತು ಸ್ವೀಟು ಕೊಡಿಸ್ತೀನಿ," ಅಂದು ದೊಡ್ಡದಾಗಿ ಸಹಿ ಹಾಕಿದ. ತನ್ನ ಮುಖವೂ ಮುಖವೇ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಗೇಟಿನ ಮೇಜಿಗೆ, ಹಿಡಿ ಒತ್ತಿದರೆ ಕತ್ತರಿಸುವ ಒಂದು ಗಟ್ಟಿ ಯಂತ್ರವನ್ನು ಕಾರ್ಡಮ್ಮನೇ ಒದಗಿಸಿದಳು.

ಆಮೇಲೆ ಅವಳು ದಿನ ಎಣಿಸಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಶನಿವಾರಕ್ಕೆ ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ ಇಟ್ಟಿದ್ದಳು. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಯಾರದೋ ಶಾಲಾ ಮಗುವಿನ ಫೋಟೋ ಸರಿಮಾಡುವಾಗ, ಆ ಗೇಟು, ಆ ಮೇಜು, ಆ ಮೀಸೆಯ ಮೇಲೆ ಇಳಿಯುವ ಅಲಗು ಕಣ್ಣಮುಂದೆ ಬರುತ್ತಿದ್ದವು. ಮೂಗಿಗೂ ತುಟಿಗೂ ನಡುವೆ. "ಮುಂದಿನೋರು ಬನ್ನಿ," ಎಂದು ಹೇಳುವುದನ್ನು ಸಹ ಅಭ್ಯಾಸ ಮಾಡಿಕೊಂಡಿದ್ದಳು. ಅಕ್ಕನಿಗೆ ಏನೂ ಹೇಳಿರಲಿಲ್ಲ; ಆದ ಮೇಲೆ ಒಟ್ಟಿಗೆ ಹೇಳಿ ಅವಳ ಮುಖ ಅರಳುವುದನ್ನು ನೋಡಬೇಕೆಂದಿದ್ದಳು.

ಆ ಶನಿವಾರಕ್ಕೆ ಇನ್ನು ಒಂದೇ ವಾರ ಇದೆ ಅನ್ನುವಾಗ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಕೈಯಲ್ಲಿ ಮಡಿಸಿದ ಕರವಸ್ತ್ರ. ಬಿಚ್ಚಿದಳು. ಒಂದು ತುಂಡಿನಲ್ಲಿ ಎರಡು ಕಣ್ಣು, ಇನ್ನೊಂದರಲ್ಲಿ ಬಾಯ್ತುಂಬ ನಗು. ಬಾಯ್ಲರಿನವನು.

"ನಮ್ಮನೆಯೋರು ಹೋಗಿ ಇಪ್ಪತ್ತು ದಿನ ಆಯ್ತಮ್ಮಾ. ಎದೆನೋವು ಅಂತ ಕೂತೋರು ಏಳಲೇ ಇಲ್ಲ. ಆಸ್ಪತ್ರೆಯೋರು ಅವರ ಗಡಿಯಾರ, ಊಟದ ಡಬ್ಬಿ, ಇದು... ಮೂರನ್ನೂ ಮನೆಗೆ ಕಳಿಸಿದ್ರು. ನಿಯಮ ಹಂಗಿದೆಯಂತೆ." ತುಂಡುಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗಿಸಿ ಇಟ್ಟಳು. "ಅವರು ನಕ್ಕಿರೋ ಫೋಟೋ ಇದೊಂದೇ. ಸಣ್ಣ ಮಗಳು ಕೇಳ್ತಾಳೆ, ಅಪ್ಪನ್ನ ಯಾಕೆ ಕತ್ತರಿಸಿದ್ರು ಅಂತ. ಅಂಟಿಸೋಣ ಅಂತ ನಾಕು ಅಂಗಡಿ ಸುತ್ತಿದೆ. ಇದಕ್ಕೆ ಯಾವ ಗೋಂದೂ ಹಿಡಿಯಲ್ಲ ಅಂದ್ರು. ಮಾಡಿದೋರ ಹತ್ರಾನೇ ಹೋಗಿ ಅಂದ್ರು."

"ಇದು ಅಂಟಲ್ಲಮ್ಮಾ," ಎಂದಳು ಕಾರ್ಡಮ್ಮ, ತನ್ನದೇ ಲೇಪದ ಮೇಲೆ ಬೆರಳಾಡಿಸುತ್ತ. "ಆದ್ರೆ ಫೋಟೋ ನನ್ನ ಹತ್ರ ಇದೆ. ಕೂತ್ಕೊಳ್ಳಿ."

ಕಂಪ್ಯೂಟರಿನಿಂದ ಆ ನಗುವನ್ನು ಹುಡುಕಿ, ಒಳ್ಳೆಯ ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಹಾಕಿ ಕೊಟ್ಟಳು. ಆ ಹೆಂಗಸು ಅದನ್ನು ಎದೆಗೆ ಒತ್ತಿಕೊಂಡು, ತುಂಡುಗಳನ್ನೂ ಬಿಡದೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದಳು. ಹೋಗುವಾಗ, "ನಿಮ್ಮಿಂದ ದೊಡ್ಡ ಉಪಕಾರ ಆಯ್ತು," ಅಂದಳು. ಆ ಮಾತು ಕಾರ್ಡಮ್ಮನ ಕಿವಿಗೆ ಕಾದ ಸೀಸದಂತೆ ಇಳಿಯಿತು.

ತಿರುಗಿ ನೋಡಿದರೆ ಪರದೆಯ ಬಳಿ ಅಕ್ಕ.

"ಯಾವ ನಿಯಮ?" ಎಂದಳು.

ತಂಗಿ ಹಾಳೆ ತೆಗೆದು ಕೊಟ್ಟಳು. ಅಕ್ಕ ಕನ್ನಡಕ ಏರಿಸಿ ನಿಧಾನವಾಗಿ ಓದಿದಳು.

"ಎಷ್ಟು ಜನದ್ದಾಯ್ತು ಇಲ್ಲೀವರೆಗೆ?"

"ಹದಿನಾಲ್ಕು."

"ನನ್ನ ಮುಖಕ್ಕೆ ಆದದ್ದು ಸಾಲದು ಅಂತ ಆಸ್ಪತ್ರೆಗೆಲ್ಲ ಹಂಚಿದ್ಯೇನೇ?"

"ಅವನೊಬ್ಬನಿಗೋಸ್ಕರ ಬರೆದದ್ದು ಅಕ್ಕಾ! ಇನ್ನೊಂದು ವಾರ. ಶನಿವಾರ ಅವನದ್ದು—"

"ಅವನ ಹೆಸರು ಬರೆದಿಲ್ವಲ್ಲ. 'ಕಾರ್ಡುದಾರರು' ಅಂತ ಬರ್ದಿದ್ದೀಯ." ಅಕ್ಕ ಆ ಪದದ ಮೇಲೆ ಬೆರಳಿಟ್ಟಳು. "ಕಾರ್ಡುದಾರರು ಅಂದ್ರೆ ಯಾರು? ಆ ಬಾಯ್ಲರಿನವನು. ನಾನು."

ಅಷ್ಟು ಹೇಳಿ ಒಳಗೆ ಹೋದವಳು ಐದು ದಿನ ತಂಗಿಯ ಜೊತೆ ಮಾತಾಡಲಿಲ್ಲ.

ಕಾರ್ಡಮ್ಮ ಅವತ್ತೇ ಸಂಜೆ ಹೊಸ ಹಾಳೆ ಮಾಡಿದಳು. "ಮುಖದ ಮೇಲೆ ಅಡ್ಡಲಾಗಿ ಕತ್ತರಿಸತಕ್ಕದ್ದು" ಎಂಬುದನ್ನು ಅಳಿಸಿ, "ಸಂಖ್ಯೆಯ ಮೇಲೆ ತೂತು ಹೊಡೆಯತಕ್ಕದ್ದು" ಎಂದು ಬರೆದಳು. ಜಾರಿಗೆ ಬರುವ ದಿನ ಎಂಬಲ್ಲಿ ಅವಳ ಬೆರಳು ತಡೆಯಿತು. ಸೋಮವಾರ ಎಂದು ಬರೆದಳು. ಶನಿವಾರ ಮುಗಿದಿರುತ್ತದೆ, ಭಾನುವಾರ ರಜೆ, ಸೋಮವಾರದಿಂದ ಎಲ್ಲರ ಮುಖವೂ ಕ್ಷೇಮ. ಒಂದೇ ಒಂದು ಮುಖ. ಅಷ್ಟು ಕೇಳುವ ಹಕ್ಕು ತನಗಿಲ್ಲವೇ?

ಶುಕ್ರವಾರ ಅಕ್ಕ ಪರದೆಯ ಹಿಂದಿನಿಂದಲೇ, ಗೋಡೆಗೆ ಹೇಳಿದ ಹಾಗೆ, ಒಂದು ಮಾತು ಹೇಳಿದಳು:

"ನಾಳೆ ಬಟ್ಟೆಕೋಣೆಯವಳದ್ದೂ ಕೊನೇ ದಿನ."

ಉರಿಬಿಸಿಲಿನಲ್ಲಿ ನಡೆದುಬಂದು ಸುದ್ದಿ ಹೇಳಿದ್ದವಳು. ಕಾರ್ಡಮ್ಮ ಗುಮಾಸ್ತನ ಪಟ್ಟಿ ತೆಗೆದು ನೋಡಿದಳು. ಹೌದು. ಆ ಶನಿವಾರಕ್ಕೆ ಎರಡು ಹೆಸರು. ಹತ್ತು ತಿಂಗಳು ಅವಳ ಕಣ್ಣು ಒಂದನ್ನೇ ಓದಿತ್ತು.

ಶನಿವಾರ ಅವಳು ಚೀಲದಲ್ಲಿ ತೂತು ಹೊಡೆಯುವ ಇಕ್ಕಳ ಇಟ್ಟುಕೊಂಡಳು. ಹೊಸ ಹಾಳೆಯಲ್ಲಿ ದಿನಾಂಕದ ಜಾಗ ಖಾಲಿ ಬಿಟ್ಟಿದ್ದಳು. ಏನು ಬರೆಯುತ್ತೇನೆಂದು ಬಸ್ಸಿನಲ್ಲಿ ಕೂತಾಗಲೂ ಅವಳಿಗೇ ಗೊತ್ತಿರಲಿಲ್ಲ.

ಗೇಟಿನಲ್ಲಿ ನೂರಕ್ಕೂ ಹೆಚ್ಚು ಜನ ಇದ್ದರು. ಕೊನೆಯ ದಿನ ಎಂದು ಶಿಳ್ಳೆ ಸಾಹೇಬನ ಕೈಗೆ ಯಾರೋ ಹೂಗುಚ್ಛ ಕೊಟ್ಟಿದ್ದರು. ಮೇಜಿನ ಪಕ್ಕದಲ್ಲಿ ಬಟ್ಟೆಕೋಣೆಯವಳು ತನ್ನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು, ಅದು ಬಿಸಿ ಲೋಟವೋ ಎಂಬಂತೆ.

"ಬನ್ನಿ ಕಾರ್ಡಮ್ಮಾ, ಹೇಳಿದ ಟೈಮಿಗೆ ಬಂದ್ರಿ. ಮೊದ್ಲು ಇವಳದ್ದು ಮುಗಿಸಿಬಿಡ್ತೀನಿ," ಎಂದು ಶಿಳ್ಳೆ ಸಾಹೇಬ ಯಂತ್ರದ ಹಿಡಿಗೆ ಕೈ ಹಾಕಿದ.

"ತಡೀರಿ ಸಾರ್. ನಿಯಮ ಬದಲಾಗಬೇಕು. ಇಲ್ಲೊಂದು ಸಹಿ ಹಾಕಿ."

ಅವನು ಹಾಳೆಯ ಮೇಲೆ ಕಣ್ಣಾಡಿಸಿದ. "ತೂತಾ? ತೂತು ಹೊಡೆದ್ರೆ ಯಾರು ಹೆದರ್ತಾರಮ್ಮ? ಕೊನೇ ದಿನ ನಿಯಮ ಸಡಿಲ ಮಾಡೋನಲ್ಲ ನಾನು. ಸೋಮವಾರ ನನ್ನ ಜಾಗಕ್ಕೆ ಬರೋನ ಹತ್ರ ಸಹಿ ಹಾಕಿಸ್ಕೊಳ್ಳಿ."

ಸೋಮವಾರ. ಅವನ ಬಾಯಿಂದಲೇ ಬಂತು. ಕಾರ್ಡಮ್ಮನ ಎದೆಯೊಳಗೆ ಏನೋ ಒಂದು ಹೆಜ್ಜೆ ಕುಣಿದು ನಿಂತಿತು. ಸುಮ್ಮನೆ ತಲೆ ಆಡಿಸಿದರೆ ಸಾಕಿತ್ತು. ಬಟ್ಟೆಕೋಣೆಯವಳು ಅವಳನ್ನು ನೋಡಿ ಸಣ್ಣಗೆ ನಕ್ಕಳು. ಪರವಾಗಿಲ್ಲ ಬಿಡಿ, ಅನ್ನುವಂಥ ನಗು.

"ಹಾಗಾದ್ರೆ ನಿಮ್ಮದು ಮೊದಲು ಸಾರ್," ಎಂದಳು ಕಾರ್ಡಮ್ಮ.

ಅವನು ಭುಜ ಕುಣಿಸಿ ಕಾರ್ಡು ತೆಗೆದುಕೊಟ್ಟ. ಹತ್ತು ತಿಂಗಳಾದರೂ ಒಂದು ಚೂರು ಮಾಸಿರಲಿಲ್ಲ. ಅವಳು ಅದನ್ನು ಯಂತ್ರದಲ್ಲಿ ಮುಖ ಮೇಲಾಗಿ ಇಟ್ಟು, ಅಲಗನ್ನು ಮೀಸೆಯ ಮೇಲಕ್ಕೆ ಸರಿಹೊಂದಿಸಿದಳು.

"ಎಲ್ಲಿ ಕತ್ತರಿಸಲಿ ಸಾರ್? ಒಂಬತ್ತು ವರ್ಷದ ಹಿಂದೆ ನಮ್ಮಕ್ಕನದನ್ನ ಮೂಗಿಗೂ ತುಟಿಗೂ ನಡುವೆ ಕತ್ತರಿಸಿದ್ರಿ, ಇದೇ ಜಾಗದಲ್ಲಿ."

"ಯಾವ ಅಕ್ಕನದಮ್ಮಾ? ಎಷ್ಟೋ ಕತ್ತರಿಸಿದ್ದೀನಿ. ಮುಖ ಎಲ್ಲಿ ನೆನಪಿರುತ್ತೆ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳ ಮೈ ಉರಿಸಿದ್ದು. ಒಂಬತ್ತು ವರ್ಷ ತಾನು ಎದೆಯಲ್ಲಿಟ್ಟು ಸಾಕಿದ್ದು ಇವನ ತಲೆಯಲ್ಲಿ ಒಂದು ಗಳಿಗೆಯೂ ಕೂತಿರಲಿಲ್ಲ.

"ಇನ್ನೂರ ಹದಿನೇಳು," ಎಂದಳು.

ಸಂಖ್ಯೆ ಕೇಳಿದ್ದೇ ಅವನ ಕೈ ಶಿಳ್ಳೆಯ ಮೇಲೆ ಹೋಯಿತು. ಮುಖ ಮರೆಯುವ ಮನುಷ್ಯ ಸಂಖ್ಯೆ ಮರೆಯುತ್ತಿರಲಿಲ್ಲ. "ಅದು... ಇಂಜೆಕ್ಷನ್ ಪೆಟ್ಟಿಗೆ."

"ಕದ್ದೋರು ಯಾರು ಅಂತ ಆಮೇಲೆ ಗೊತ್ತಾಯ್ತಲ್ಲ?"

"ಆಯ್ತು."

"ಅವಳಲ್ಲ ಅಂತ ಯಾರಿಗಾದ್ರೂ ಹೇಳಿದ್ರಾ?"

ಒಳಗೆ ಹೋಗಬೇಕಾದವರು ಹೋಗದೆ, ಹೊರಗೆ ಬರಬೇಕಾದವರು ಬಾರದೆ ನಿಂತಿದ್ದರು. ಕಾರ್ಡಮ್ಮ ಅವರ ಕಡೆ ತಿರುಗಿದಳು.

"ಈ ಮುಖ ಕತ್ತರಿಸೋ ನಿಯಮ ಬರೆದೋಳು ನಾನೇ. ಇವರೊಬ್ಬರ ಮೇಲಿನ ಸಿಟ್ಟಿಗೆ ಬರೆದೆ. ನಿಮ್ಮಲ್ಲಿ ಹದಿನಾಲ್ಕು ಜನರ ಮುಖ ಹಾಳಾಯ್ತು. ತಪ್ಪು ನಂದು. ನಿಮ್ಮೆಲ್ಲರ ಎದುರು ಒಪ್ಕೋತೀನಿ." ಮತ್ತೆ ಅವನ ಕಡೆ ತಿರುಗಿ ಹಿಡಿಯನ್ನು ಒಂದು ಬೆರಳಿನಷ್ಟು ಕೆಳಕ್ಕೆ ಒತ್ತಿದಳು. "ಈಗ ನಿಮ್ಮ ಸರದಿ ಸಾರ್. ಬಾಯಿ ಬಿಡಿ, ಸಹಿ ಹಾಕಿ. ಇಲ್ಲಾಂದ್ರೆ ನಿಮ್ಮ ನಿಯಮ, ನಿಮ್ಮ ಸಹಿ, ನಿಮ್ಮ ಮುಖ."

"ತಾಳಮ್ಮಾ, ತಾಳು," ಎಂದು ಅವನು ಎರಡು ಹೆಜ್ಜೆ ಮುಂದೆ ಬಂದ. ಅಲಗಿನ ಕೆಳಗೆ ತನ್ನ ಮುಖವನ್ನು ನೋಡಿದ. ನೂರಾರು ಮುಖ ಕತ್ತರಿಸಿದವನು ಒಂದು ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. "ಇನ್ನೂರ ಹದಿನೇಳು ಕದ್ದಿಲ್ಲ," ಎಂದು ಗೊಣಗಿದ.

"ನಂಬರು ಕದಿಯಲ್ಲ ಸಾರ್. ಮನುಷ್ಯರನ್ನ ಹೇಳಿ."

"ಬಟ್ಟೆಕೋಣೆಯಲ್ಲಿದ್ದ ಆ ಹೆಂಗಸು..."

"ಕೇಳಿಸಲಿಲ್ಲ. ಶಿಳ್ಳೆ ಊದ್ತೀರಲ್ಲ, ಆ ಥರ ಹೇಳಿ."

ಹಿಂದೆ ಯಾರೋ ಕಿಸಕ್ಕೆಂದರು. ಶಿಳ್ಳೆ ಸಾಹೇಬನ ಕುತ್ತಿಗೆಯ ನರ ಉಬ್ಬಿತು.

"ಬಟ್ಟೆಕೋಣೆಯಲ್ಲಿದ್ದ ಆ ಹೆಂಗಸು ಕದ್ದಿಲ್ಲ! ಗೊತ್ತಿದ್ದೂ ನಾನು ಹೇಳಲಿಲ್ಲ. ತಪ್ಪು ನಂದು!"

ರಸ್ತೆಯ ಆಚೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಕಾವಲುಗಾರರು ತಮ್ಮ ತಮ್ಮ ಬೂಟು ನೋಡಿಕೊಂಡರು. ಬಟ್ಟೆಕೋಣೆಯವಳು ಕಾರ್ಡು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. ಅವನು ಹೊಸ ಹಾಳೆಗೆ ಸಹಿ ಹಾಕಿದ. ದಿನಾಂಕದ ಜಾಗದಲ್ಲಿ ಕಾರ್ಡಮ್ಮ ಅಂದಿನ ದಿನವನ್ನೇ ಬರೆದಳು.

ಆಮೇಲೆ ಅವಳು ಹಿಡಿಯನ್ನು ಮೇಲೆತ್ತಬೇಕಿತ್ತು. ಎತ್ತಿದಳು ಕೂಡ. ಆದರೆ ಎತ್ತುವ ಮೊದಲು ಒಂದು ಕೂದಲೆಳೆಯಷ್ಟು ಒತ್ತಿದಳು. ಕರ್ ಎಂದಿತು. ಆ ಸೊಗಸಾದ ಮೀಸೆಯ ಮೇಲೆ, ಕೆನ್ನೆಯಿಂದ ಕೆನ್ನೆಗೆ, ಒಂದು ಸಣ್ಣ ಗೀರು.

"ಅಯ್ಯೋ, ಕೈ ತಪ್ಪಿತು ಸಾರ್."

ಮೂವತ್ತು ವರ್ಷದಲ್ಲಿ ಅವಳ ಕೈ ತಪ್ಪಿದ್ದಿಲ್ಲ. ಆ ಲೇಪದ ಮೇಲಿನ ಗೀರನ್ನು ಯಾವ ಪಾಲಿಷೂ ಮುಚ್ಚುವುದಿಲ್ಲ ಎಂಬುದು ಅವಳಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಇಕ್ಕಳ ತೆಗೆದು ಅವನ ಸಂಖ್ಯೆಯ ಮೇಲೆ ತೂತು ಹೊಡೆದು, ಕಾರ್ಡನ್ನು ಅವನ ಹೂಗುಚ್ಛದ ಮೇಲಿಟ್ಟಳು. ಬಟ್ಟೆಕೋಣೆಯವಳದನ್ನು ತೆಗೆದುಕೊಂಡು, ಅಂಚಿಗೆ ಒಂದಿಷ್ಟೂ ಗಾಯವಾಗದ ಹಾಗೆ, ಒಂದು ದುಂಡನೆಯ ತೂತು ಹೊಡೆದಳು.

"ಚೆನ್ನಾಗಿ ಕಾಣ್ತಿದ್ದೀರಾ ಫೋಟೋದಲ್ಲಿ," ಎಂದಳು.

"ನಿಮ್ಮಕ್ಕನಿಗೆ ಹೇಳಿ," ಎಂದು ಅವಳು ಏನನ್ನೋ ಹೇಳಹೊರಟು, ಅಲ್ಲಿಗೇ ಬಿಟ್ಟು ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡಳು.

ಎಲ್ಲರೂ ಅವಳ ಹಾಗೆ ಕ್ಷಮಿಸಲಿಲ್ಲ. ಮುಖ ಕತ್ತರಿಸಿಕೊಂಡು ಹೋದವರ ಗೆಳೆಯರೂ ಆ ಗುಂಪಿನಲ್ಲಿದ್ದರು. ಅಡುಗೆಮನೆಯ ದಪ್ಪನೆಯವನು ಅವಳು ದಾಟಿ ಹೋಗುವಾಗ ಬೇಕೆಂದೇ ಬೇರೆ ಕಡೆ ತಿರುಗಿಕೊಂಡ. ಅದನ್ನೂ ಅವಳು ಹೊತ್ತುಕೊಂಡು ಬಸ್ಸು ಹತ್ತಿದಳು.

ಅಂಗಡಿಗೆ ಬಂದಾಗ ಪರದೆಯ ಹಿಂದೆ ಟಿಕ್ ಟಿಕ್ ನಡೆದಿತ್ತು. ಕಾರ್ಡಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅಕ್ಕನ ಎದುರು ಕೊರಳಪಟ್ಟಿಗಳ ರಾಶಿಯ ಪಕ್ಕದಲ್ಲಿ ಕೂತಳು. ಆದದ್ದನ್ನೆಲ್ಲ ಹೇಳಿದಳು. ಅಕ್ಕ ತಲೆ ಎತ್ತದೆ ಕೇಳಿದಳು.

"ಏನಂದ ಅವನು? ಅವನು ಅಂದ ಹಾಗೇ ಹೇಳು."

"ಬಟ್ಟೆಕೋಣೆಯಲ್ಲಿದ್ದ ಆ ಹೆಂಗಸು ಕದ್ದಿಲ್ಲ. ಗೊತ್ತಿದ್ದೂ ನಾನು ಹೇಳಲಿಲ್ಲ. ತಪ್ಪು ನಂದು."

"ಜೋರಾಗಿ ಅಂದ್ನಾ?"

"ಬಸ್ಸಿಗೆ ಕಾಯ್ತಿದ್ದೋರೂ ತಿರುಗಿ ನೋಡಿದ್ರು."

"ಇನ್ನೊಂದ್ಸಲ ಹೇಳು."

ಹೇಳಿದಳು. ಅಕ್ಕ ಒಂದು ಕ್ಲಿಪ್ಪು ಸಿಕ್ಕಿಸಿದಳು, ಇನ್ನೊಂದನ್ನು ಎತ್ತಿಕೊಂಡಳು.

"ಇನ್ನೊಂದ್ಸಲ."

ಮೂರನೆಯ ಸಲ ಹೇಳುವಾಗ ಅಕ್ಕನ ತುಟಿಯ ತುದಿ ಅದರುತ್ತಿತ್ತು. ನಗುವೋ ಅಳುವೋ ಅದಕ್ಕೇ ಗೊತ್ತಿಲ್ಲದ ಹಾಗೆ.

"ಗೀರು ಎಳೀಬೇಕಿತ್ತಾ?"

"ಬೇಕಿತ್ತು ಅಕ್ಕಾ."

ಅಕ್ಕ ಮಡಿಲಲ್ಲಿದ್ದ ಕ್ಲಿಪ್ಪುಗಳನ್ನು ಡಬ್ಬಿಗೆ ಸುರಿದು ಎದ್ದಳು. ಕೈ ತೊಳೆದ ಸದ್ದು, ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಮಧ್ಯಾಹ್ನ ಮೂರೂವರೆ ಆಗಿತ್ತು, ಕಾರ್ಡಮ್ಮ ಬೆಳಗಿನಿಂದ ಏನೂ ತಿಂದಿರಲಿಲ್ಲ. ಅಕ್ಕ ಹಬೆಯಾಡುವ ಊಟದ ತಟ್ಟೆಯನ್ನು ತಂದು, ತಂಗಿಯ ಎರಡೂ ಕೈಗೆ ಕೊಟ್ಟಳು.